ಮಗು ಎನ್ನಬಾರದ ಆಟ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಗಾಜಿಗೆ ಕೆಳಗಡೆ ಅರ್ಧ ಚಂದ್ರನ ಆಕಾರದ ಒಂದು ಕಂಡಿ ಇತ್ತು. ಪ್ರಯಾಣಿಕರು ಬಗ್ಗಿ, ಆ ಕಂಡಿಯ ಹತ್ತಿರ ಬಾಯಿ ತಂದು, ಕೇಳಬೇಕಾದ್ದನ್ನು ಕೇಳುತ್ತಿದ್ದರು. ಹಾಗಾಗಿ ಒಳಗೆ ಕುಳಿತವಳಿಗೆ ದಿನವಿಡೀ ಕಾಣುತ್ತಿದ್ದದ್ದು ಬರೀ ಬಾಯಿಗಳು, ಗದ್ದಗಳು, ಬೋಳಿಸದ ಕೆನ್ನೆಗಳು. ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಅವರ ನೆತ್ತಿಯ ಮೇಲೇ ದೊಡ್ಡ ಫಲಕದಲ್ಲಿ ಬರೆದಿತ್ತು. ಅದನ್ನು ಓದಿಕೊಂಡೇ ಬಂದು, ಓದಿದ್ದು ನಿಜವೋ ಸುಳ್ಳೋ ಎಂದು ಅವಳನ್ನು ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು. ನಡುನಡುವೆ ಮೈಕಿನ ಗುಂಡಿ ಒತ್ತಿ ತಡವಾದ ಬಸ್ಸುಗಳನ್ನು ಕೂಗುತ್ತಿದ್ದಳು, ಯಾರೋ ಮರೆತುಹೋದ ಛತ್ರಿಯ ಬಣ್ಣ ಹೇಳುತ್ತಿದ್ದಳು, ಅಮ್ಮನ ಕೈ ತಪ್ಪಿಸಿಕೊಂಡ ಮಕ್ಕಳನ್ನು ಕಿಟಕಿಯ ಬಳಿಗೆ ಕರೆಸುತ್ತಿದ್ದಳು. ಪಾಳಿ ಮುಗಿಯುವ ಹೊತ್ತಿಗೆ ಗಂಟಲು ಮರಳು ನುಂಗಿದ ಹಾಗೆ ಆಗಿರುತ್ತಿತ್ತು. ಮನೆಯಲ್ಲಿ ಗಂಡ ಏನಾದರೂ ಕೇಳಿದರೆ ತಲೆಯಾಡಿಸಿ ಉತ್ತರ ಕೊಡುವುದು ಅಭ್ಯಾಸವಾಗಿಬಿಟ್ಟಿತ್ತು. ಅವನದು ಡಿಪೋದಲ್ಲಿ ಬಸ್ಸಿನ ಟೈರು ಬಿಚ್ಚಿ ಹಾಕುವ ಕೆಲಸ. ಅವನೂ ಮಾತಿನವನಲ್ಲ. ಇಬ್ಬರೂ ಊಟ ಮಾಡುವಾಗ ತಟ್ಟೆಯ ಸದ್ದಷ್ಟೇ ಕೇಳಿಸುತ್ತಿತ್ತು, ಇಬ್ಬರಿಗೂ ಅದು ಹಿತವಾಗಿಯೇ ಇತ್ತು.

ಆದರೆ ನಿಲ್ದಾಣದಲ್ಲಾಗಲಿ ಡಿಪೋದಲ್ಲಾಗಲಿ ಅವಳನ್ನು ಯಾರೂ ವಿಚಾರಣೆಯವಳು ಎಂದು ಕರೆಯುತ್ತಿರಲಿಲ್ಲ. ಆಟದಕ್ಕ ಎನ್ನುತ್ತಿದ್ದರು.

ಆ ಹೆಸರು ಬಂದದ್ದು ವರ್ಷಗಳ ಹಿಂದೆ. ಹೆರಿಗೆ ರಜೆಗೆ ಹೊರಟಿದ್ದ ಒಬ್ಬ ಕಂಡಕ್ಟರ್ ಹೆಂಗಸಿಗೆ ಜೊತೆಯವರು ವಿಶ್ರಾಂತಿ ಕೋಣೆಯಲ್ಲೇ ಒಂದು ಸಣ್ಣ ಬೇಬಿ ಶವರ್ ಇಟ್ಟುಕೊಂಡಿದ್ದರು. ಬಂದವರೆಲ್ಲ ಕೈಯಲ್ಲಿ ತಟ್ಟೆ ಹಿಡಿದು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಡಿಪೋ ಮ್ಯಾನೇಜರು ಗಡಿಯಾರ ನೋಡುತ್ತಿದ್ದರು. ಬಸುರಿ ನಡುವೆ ಒಂದು ಕುರ್ಚಿಯಲ್ಲಿ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಕುಳಿತಿದ್ದಳು. ಅದನ್ನು ನೋಡಲಾಗದೆ ಇವಳು ಉಡುಗೊರೆಗೆ ಬಂದಿದ್ದ ಗೊಂಬೆಯೊಂದನ್ನು ಎತ್ತಿಕೊಂಡು, ಮ್ಯಾನೇಜರ ಕಣ್ಣಿಗೆ ಟವೆಲ್ಲು ಕಟ್ಟಿ, ಕೈಗೆ ಒಂದು ಡೈಪರ್ ಕೊಟ್ಟು, "ಎಲ್ಲರೂ ಹತ್ತು ಎಣಿಸೋದ್ರೊಳಗೆ ಹಾಕ್ಬೇಕು ಸಾರ್" ಎಂದುಬಿಟ್ಟಳು. ಆ ಮನುಷ್ಯ ಬಹಳ ಜಾಗ್ರತೆಯಿಂದ ಅದನ್ನು ಗೊಂಬೆಯ ತಲೆಗೆ ಹಾಕಿ, ಎರಡೂ ಕಡೆ ಪಟ್ಟಿ ಬಿಗಿದು, "ಸರಿ ಇದೆಯಾ?" ಎಂದು ಕೇಳಿದರು. ಬಸುರಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಾಗ ಎಲ್ಲರಿಗೂ ಒಂದು ಕ್ಷಣ ಗಾಬರಿಯಾಯಿತಂತೆ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಯಾರ ಮನೆಯಲ್ಲಿ ಬಸುರಿ ಇದ್ದರೂ ಆಟದಕ್ಕನಿಗೆ ಕರೆ ಬರುತ್ತಿತ್ತು. ಅವಳ ಹತ್ತಿರ ಒಂದು ಚೀಲವೇ ಸಿದ್ಧವಾಯಿತು. ಅದರಲ್ಲಿ ಎರಡು ಗೊಂಬೆಗಳು, ಹಾಲಿನ ಬಾಟಲಿಗಳು, ಜೊತೆ ತಪ್ಪಿಸಿಟ್ಟ ಪುಟ್ಟ ಕಾಲುಚೀಲಗಳು, ಒಂದು ಉಂಡೆ ರಿಬ್ಬನ್ನು. ರಿಬ್ಬನ್ನು ಕತ್ತರಿಸಿ ಬಸುರಿಯ ಹೊಟ್ಟೆಯ ಸುತ್ತಳತೆ ಊಹಿಸಬೇಕು. ಬಾಟಲಿಯಲ್ಲಿ ಹಣ್ಣಿನ ರಸ ತುಂಬಿ ಕೊಟ್ಟರೆ ದೊಡ್ಡ ದೊಡ್ಡ ಮೀಸೆಯವರು ಚೀಪಿ ಚೀಪಿ ಕೆನ್ನೆ ನೋಯಿಸಿಕೊಳ್ಳಬೇಕು. ಕಣ್ಣು ಕಟ್ಟಿಕೊಂಡು ಕಾಲುಚೀಲಗಳ ಜೋಡಿ ಹುಡುಕಬೇಕು. ಹೊಸದೇನೂ ಅಲ್ಲ, ಎಲ್ಲ ಕಡೆ ಆಡುವ ಆಟಗಳೇ. ಆದರೆ ಯಾರನ್ನು ಎಬ್ಬಿಸಿದರೆ ಕೋಣೆಯೇ ಎದ್ದು ಕೂರುತ್ತದೆ ಎಂದು ಅವಳಿಗೆ ನೋಡುತ್ತಲೇ ತಿಳಿಯುತ್ತಿತ್ತು. ಮುಖ ಗಂಟಿಕ್ಕಿಕೊಂಡ ದೊಡ್ಡಪ್ಪನನ್ನೋ ಮೂಲೆ ಹಿಡಿದ ಸೋದರತ್ತೆಯನ್ನೋ ಮೊದಲು ಹಿಡಿಯುತ್ತಿದ್ದಳು.

ಹೀಗೆ ಅವಳ ರಜೆಯ ದಿನಗಳೆಲ್ಲ ಇನ್ನೊಬ್ಬರ ನಡುಮನೆಗಳಲ್ಲಿ ಕಳೆದವು. ಮೊದಮೊದಲು ಅವಳಿಗೂ ಅದು ಖುಷಿಯೇ. ಆಮೇಲೆ ಯಾವಾಗಲೋ ನಗಿಸುವುದೂ ಒಂದು ಪಾಳಿಯಾಯಿತು. ಚೀಲ ಹೆಗಲಿಗೇರಿಸಿ ಹೊರಡುವಾಗ ಗಂಡ, "ಇವತ್ತೂ ಹೋಗ್ಲೇಬೇಕಾ?" ಎನ್ನುತ್ತಿದ್ದ. ಅವಳು ಚಪ್ಪಲಿ ಹಾಕಿಕೊಳ್ಳುತ್ತ, "ಒಪ್ಕೊಂಡಾಗಿದೆ" ಎನ್ನುತ್ತಿದ್ದಳು. ಬಾಗಿಲ ಹೊರಗೆ ಒಂದು ಗಳಿಗೆ ನಿಂತು, ಮುಖಕ್ಕೆ ನಗು ತಂದುಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಅದನ್ನು ಗಂಡ ಕಿಟಕಿಯಿಂದ ನೋಡಿದ್ದ.

ಆಟ ಆಡಿಸುವುದನ್ನು ಅವಳು ಕಲಿತದ್ದು ಡಿಪೋದಲ್ಲಲ್ಲ. ಅಮ್ಮ ತೀರಿಕೊಂಡಾಗ ಅವಳಿಗೆ ಇನ್ನೂ ಶಾಲೆ ಮುಗಿದಿರಲಿಲ್ಲ. ತಂಗಿ ಹಾಲುಹಲ್ಲು ಬೀಳುವ ವಯಸ್ಸಿನವಳು. ಅಪ್ಪನಿಗೆ ಅಚ್ಚುಕೂಟದಲ್ಲಿ ಕೆಲಸ, ಮನೆಗೆ ಬಂದರೆ ಮಸಿಯ ಕೈ ತೊಳೆದು ಗೋಡೆ ನೋಡುತ್ತ ಕೂರುತ್ತಿದ್ದ. ತಂಗಿ ಊಟ ಬಿಟ್ಟಳು. ಬಾಯಿ ತೆರೆಸಲು ಅಕ್ಕ ಒಂದು ಆಟ ಹೂಡಿದಳು. ಕಣ್ಣು ಮುಚ್ಚಿಕೊಂಡು ತಟ್ಟೆಯಲ್ಲಿರುವುದು ಏನೆಂದು ಮೂಸಿ ಹೇಳಬೇಕು, ಸರಿಯಾಗಿ ಹೇಳಿದರೆ ಗೆದ್ದಂತೆ, ಗೆದ್ದವರು ತಿನ್ನಬೇಕು. ಮನೆಯಲ್ಲಿ ಇರುತ್ತಿದ್ದದ್ದೇ ಅನ್ನ, ಸಾರು. ಹಾಗಾಗಿ ತಂಗಿ ದಿನವೂ ಗೆಲ್ಲುತ್ತಿದ್ದಳು. ಸ್ನಾನಕ್ಕೊಂದು ಆಟ, ಜಡೆಗೊಂದು ಆಟ, ಅಳು ನಿಲ್ಲಿಸಲೊಂದು ಆಟ. ತಂಗಿಯನ್ನು ಅವಳು ಪಾಪು ಎಂದು ಕರೆಯುತ್ತಿದ್ದಳು. ತಂಗಿ ಬೆಳೆದು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಹಿಡಿದು, ಮದುವೆಯಾಗಿ, ತಲೆಯಲ್ಲಿ ಒಂದೆರಡು ಬಿಳಿ ಕೂದಲು ಕಾಣಿಸಿಕೊಂಡ ಮೇಲೂ ಅವಳು ಪಾಪುವೇ.

ಆ ತಂಗಿ ಮೊದಲ ಸಲ ಬಸುರಾದಾಗ ಆಟದಕ್ಕನ ಸಂಭ್ರಮ ಹೇಳತೀರದು. ಅಷ್ಟು ದಿನ ಊರವರಿಗೆಲ್ಲ ಆಡಿಸಿದ್ದನ್ನು ಮನೆಯವಳಿಗೆ ಆಡಿಸುವ ಸರದಿ. ಆ ಸಂಜೆ ಎಲ್ಲ ಆಟವೂ ಆಯಿತು. ಹೊಟ್ಟೆಯ ಅಳತೆಗೆ ರಿಬ್ಬನ್ನು ಕತ್ತರಿಸಿದರು, ಹುಟ್ಟುವುದು ಯಾವ ದಿನ ಎಂದು ಪಂದ್ಯ ಕಟ್ಟಿದರು, ಹೆಸರುಗಳನ್ನು ಕೂಗಿ ಕೂಗಿ ಆರಿಸಿದರು. ಕೆಲವು ವಾರಗಳಲ್ಲಿ ಎಲ್ಲ ಮುಗಿದುಹೋಯಿತು. ತಂಗಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಳು. ಎರಡನೇ ಸಲ ಯಾರಿಗೂ ಹೇಳಿರಲಿಲ್ಲ. ಹೋದದ್ದನ್ನೂ ಬಹಳ ದಿನದ ಮೇಲೆ ಅಕ್ಕನೊಬ್ಬಳಿಗೆ, ಬಟ್ಟೆ ಮಡಚುತ್ತ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು.

ಇದು ಮೂರನೆಯದು. ಈ ಸಲ ಹೊಟ್ಟೆ ಮುಚ್ಚಿಡಲಾರದಷ್ಟು ಬಂದಿತ್ತು. ಡಾಕ್ಟರು ಎಲ್ಲ ಚೆನ್ನಾಗಿದೆ ಎಂದಿದ್ದರು. ತಂಗಿ ಮಾತ್ರ ಅದರ ಸುದ್ದಿ ಎತ್ತುತ್ತಿರಲಿಲ್ಲ. ತೊಟ್ಟಿಲು ಬೇಡ, ಬಟ್ಟೆ ಬೇಡ, ಹೆಸರು ಬೇಡ. ಯಾರಾದರೂ ಕೇಳಿದರೆ "ನೋಡೋಣ" ಎನ್ನುತ್ತಿದ್ದಳು, ಅಷ್ಟೇ.

ಅವಳ ಅತ್ತೆಗೆ ಅದು ಸರಿಬರಲಿಲ್ಲ. ಆಕೆ ಕೆಟ್ಟವರಲ್ಲ. ಆಸ್ಪತ್ರೆಗೆ ಸೊಸೆಯ ಜೊತೆ ಓಡಾಡಿದವರು, ಕಾಲು ಒತ್ತಿದವರು. ಆದರೆ ಮನಸ್ಸಿನಲ್ಲಿದ್ದದ್ದು ನಾಲಗೆಗೆ ಬರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಆಟದಕ್ಕನಿಗೆ ಫೋನು ಬಂತು.

"ಬರೋ ರಜಾ ದಿನ ಎಲ್ಲರನ್ನೂ ಕರೆದಿದೀನಿ ಕಣಮ್ಮ. ಮೇಲಿನ ಮನೆಯವರು, ಕೆಳಗಿನ ಮನೆಯವರು, ನನ್ನ ಅಕ್ಕ, ನಿನ್ನ ತಂಗಿಯ ಅಂಗಡಿ ಜನ. ನೀನು ಚೀಲ ತಗೊಂಡು ಬಂದ್ಬಿಡು."

"ಅವಳು ಒಪ್ಪಿದ್ಲಾ ಅಮ್ಮಾ?"

"ಬೇಡ ಅಂದ್ಲು. ಬೇಡ ಅಂತ ಎಷ್ಟು ದಿನ ಕೂರೋದು? ಮನೆ ಮಸಣದ ಹಾಗಿದೆ. ಹುಟ್ಟೋ ಕೂಸಿಗೆ ನಾವು ಬೇಡ ಅಂತಿದೀವಿ ಅಂತ ಅನ್ನಿಸಲ್ವಾ?"

ಮಾರನೆಯ ದಿನ ಕೆಲಸ ಮುಗಿಸಿ ಸೀದಾ ಕನ್ನಡಕದ ಅಂಗಡಿಗೆ ಹೋದಳು. ಒಳಗಿನ ಕೋಣೆಯಲ್ಲಿ ತಂಗಿ ಮೇಜಿಗೆ ಹೊಟ್ಟೆ ತಾಗದಂತೆ ಓರೆಯಾಗಿ ಕುಳಿತು ಗಾಜಿನ ಅಂಚು ಉಜ್ಜುತ್ತಿದ್ದಳು. ಅಕ್ಕನನ್ನು ನೋಡಿ ಯಂತ್ರ ನಿಲ್ಲಿಸಿದಳು.

"ಅತ್ತೆ ಫೋನ್ ಮಾಡಿದ್ರಾ?"

"ಮಾಡಿದ್ರು. ನೀನು ಬೇಡ ಅಂದ್ರೆ ನಾನೇ ಹೇಳಿ ನಿಲ್ಲಿಸ್ತೀನಿ."

ತಂಗಿ ಗಾಜನ್ನು ದೀಪಕ್ಕೆ ಹಿಡಿದು ನೋಡಿದಳು. "ನಿಲ್ಲಿಸಿದ್ರೆ ಮನೇಲಿ ದಿನಾ ಅದೇ ರಾಗ. ಅವ್ರು ಅಡುಗೆಮನೇಲಿ ಮುಖ ಊದಿಸ್ಕೊಂಡು ಇರ್ತಾರೆ, ಇವ್ರು ಇಬ್ಬರ ನಡುವೆ ಸಿಕ್ಕಿ ಒದ್ದಾಡ್ತಾರೆ. ಆಗ್ಲಿ ಅಕ್ಕ. ಬರ್ಲಿ ಎಲ್ಲಾರೂ. ತಿಂದ್ಕೊಂಡು ಹೋಗ್ಲಿ." ಗಾಜನ್ನು ಮೇಜಿನ ಮೇಲಿಟ್ಟು ಹೇಳಿದಳು, "ಹೊಟ್ಟೆ ಅಳೀಬೇಡಿ. ಗೊಂಬೆ ತರ್ಬೇಡ. ಹೆಸರು, ದಿನ, ಗಂಡು ಹೆಣ್ಣು, ಯಾವುದೂ ಬೇಡ. ಆ ಮಾತೇ ನನ್ನ ಕಿವಿಗೆ ಬೀಳೋದು ಬೇಡ."

"ಬೇಬಿ ಶವರ್‌ನಲ್ಲಿ ಆ ಮಾತೇ ಬರಬಾರ್ದು ಅಂದ್ರೆ ಹೆಂಗೆ ಪಾಪು?"

"ಅದು ನಿನಗೇ ಗೊತ್ತು. ನೀನಲ್ವಾ ಆಟದಕ್ಕ?"

ತಂಗಿ ಕುಹಕಕ್ಕೆ ಅಂದದ್ದಲ್ಲ. ಆದರೂ ಅಕ್ಕನಿಗೆ ಆಯಾಸ ಮೈಯೆಲ್ಲ ಹರಡಿದಂತಾಯಿತು. ಎಲ್ಲರೂ ತಮ್ಮ ಕಷ್ಟವನ್ನು ತಂದು ತನ್ನ ಕೈಗೆ ಕೊಟ್ಟು, ಇದನ್ನೊಂದು ಆಟ ಮಾಡಿಕೊಡು ಎನ್ನುತ್ತಾರೆ ಅನ್ನಿಸಿತು. ಮನೆಗೆ ಹೋಗುವ ಬಸ್ಸಿನಲ್ಲಿ ಕಂಬಕ್ಕೆ ತಲೆಯಾನಿಸಿ ಯೋಚಿಸುತ್ತ ನಿಂತಳು. ಇಳಿಯುವ ಹೊತ್ತಿಗೆ ಒಂದು ದಾರಿ ಹೊಳೆಯಿತು. ಹೊಳೆದದ್ದಕ್ಕೆ ಸಂತೋಷವೇನೂ ಆಗಲಿಲ್ಲ. ಅಂಗಡಿಗೆ ಹೋಗಿ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪುಗಳ ಎರಡು ಕಟ್ಟು ಕೊಂಡಳು.

ಬೇಬಿ ಶವರ್‌ನ ದಿನ ಬೆಳಗಿನ ಪಾಳಿಗೆ ಬರಬೇಕಾದವಳು ಬರಲಿಲ್ಲವೆಂದು ಆಟದಕ್ಕನೇ ಹೋಗಬೇಕಾಯಿತು. ರಜೆಯ ಜನಜಂಗುಳಿಯಲ್ಲಿ ಮಧ್ಯಾಹ್ನದವರೆಗೆ ಕೂಗಿ, ತಂಗಿಯ ಮನೆಯ ಮೆಟ್ಟಿಲು ಹತ್ತುವಾಗ ಅವಳ ದನಿ ಬಿರುಕುಬಿಟ್ಟಿತ್ತು. ನಡುಮನೆಯಲ್ಲಿ ಆಗಲೇ ಜನ ತುಂಬಿದ್ದರು. ಸೋಫಾ ಗೋಡೆಗೆ ಒತ್ತಿ, ಪಕ್ಕದ ಮನೆಗಳಿಂದ ತಂದ ಕುರ್ಚಿಗಳನ್ನು ಸುತ್ತ ಇಟ್ಟಿದ್ದರು. ಫ್ಯಾನಿಗೆ ಬಲೂನುಗಳನ್ನು ಕಟ್ಟಿದ್ದರಿಂದ ಫ್ಯಾನು ಹಾಕುವಂತಿರಲಿಲ್ಲ, ಎಲ್ಲರೂ ಬೆವರುತ್ತಿದ್ದರು. ತಂಗಿಯ ಗಂಡ ಕೇಕಿನ ಡಬ್ಬಿ ಹಿಡಿದು ಎಲ್ಲಿಡಬೇಕೆಂದು ತಿಳಿಯದೆ ತಿರುಗುತ್ತಿದ್ದ. ತಂಗಿ ಕಿಟಕಿಯ ಪಕ್ಕ, ಬೆನ್ನಿಗೆ ದಿಂಬಿಟ್ಟುಕೊಂಡು, ಕೈಗಳನ್ನು ಹೊಟ್ಟೆಯ ಮೇಲಲ್ಲದೆ ಕುರ್ಚಿಯ ತೋಳುಗಳ ಮೇಲೆ ಇಟ್ಟು ಕುಳಿತಿದ್ದಳು.

"ಬಂದ್ಲಪ್ಪ ಆಟದಕ್ಕ" ಎಂದು ಅತ್ತೆ ಎದ್ದರು. "ಮೊದಲು ಗೊಂಬೆದೋ, ರಿಬ್ಬನ್ನಿಂದೋ? ನನ್ನ ಅಕ್ಕ ರಿಬ್ಬನ್ನಿನ ಆಟಕ್ಕೇ ಕಾಯ್ತಾ ಇದ್ದಾಳೆ."

"ಮೊದಲು ಬೇರೆ ಒಂದಿದೆ ಅಮ್ಮಾ" ಎಂದು ಆಟದಕ್ಕ ಕ್ಲಿಪ್ಪಿನ ಕಟ್ಟು ಬಿಚ್ಚಿದಳು. ಒಬ್ಬೊಬ್ಬರ ಭುಜಕ್ಕೆ ಎರಡೆರಡು ಸಿಕ್ಕಿಸುತ್ತ ಹೋದಳು. ಕೊನೆಗೆ ಉಳಿದ ಎರಡರಲ್ಲಿ ತಂಗಿಗೊಂದು, ತನಗೊಂದು. ಆಮೇಲೆ ನಡುವೆ ನಿಂತು ಹೇಳಿದಳು, "ಈ ಗಳಿಗೆಯಿಂದ ಮಗು ಅನ್ನೋ ಮಾತು ಆಡಬಾರ್ದು. ಮಗು, ಪಾಪು, ಕೂಸು, ಕಂದ, ಬೇಬಿ, ಯಾವ ಹೆಸರಲ್ಲೂ ಅನ್ನಬಾರ್ದು. ಅಂದ್ರೆ ಕೇಳಿಸ್ಕೊಂಡೋರು ನಿಮ್ಮ ಕ್ಲಿಪ್ಪು ಕಿತ್ಕೋಬಹುದು. ಕೊನೇಲಿ ಯಾರ ಹತ್ರ ಜಾಸ್ತಿ ಇರುತ್ತೋ ಅವ್ರು ಗೆದ್ದ ಹಾಗೆ."

ಇದೂ ಎಲ್ಲ ಕಡೆ ಆಡುವ ಆಟವೇ. ಬೇರೆ ಕಡೆ ಅದನ್ನು ಉಪ್ಪಿನಕಾಯಿಯಷ್ಟು ಇಟ್ಟುಕೊಂಡು ಉಳಿದ ಆಟಗಳಿಗೆ ಹೋಗುತ್ತಾರೆ. ಆಟದಕ್ಕ ಅವತ್ತು ಅದನ್ನೇ ಪೂರ್ತಿ ಊಟವಾಗಿಸಿದಳು. ತಂಗಿ ಅಕ್ಕನ ಮುಖ ನೋಡಿದಳು. ಅರ್ಥವಾಯಿತು. ಕುರ್ಚಿಯ ತೋಳು ಹಿಡಿದಿದ್ದ ಬೆರಳುಗಳು ಕೊಂಚ ಸಡಿಲವಾದವು.

ಮೊದಲು ಸೋತವರು ಅತ್ತೆಯೇ. "ಅಯ್ಯೋ, ಮಗೂಗೆ ಅಂತ ನಾನು ಹೆಣೆದಿರೋ ಟೋಪಿ ತೋರಿಸ್ಬೇಕಿತ್ತಲ್ಲ" ಎನ್ನುವಷ್ಟರಲ್ಲಿ ಕೆಳಗಿನ ಮನೆಯವಳು ಅವರ ಭುಜಕ್ಕೆ ಕೈ ಹಾಕಿದಳು. ಸಿಟ್ಟಿನಲ್ಲಿ "ಮಗೂಗೆ ಅನ್ನದೆ ಇನ್ಯಾರಿಗೆ ಅನ್ನಲಿ?" ಎಂದರು. ಎರಡನೆಯದೂ ಹೋಯಿತು. ಕೋಣೆಯಲ್ಲೆಲ್ಲ ನಗು. ಅತ್ತೆ ಮೂಗು ಮುರಿದು, ಟೋಪಿಯನ್ನು ಒಳಗಿಟ್ಟು ಬಂದು, ಸೋಫಾದ ತುದಿಯಲ್ಲಿ ಕುಳಿತು ಬಾಯಿ ಬಿಗಿದುಕೊಂಡರು.

ಉಳಿದವರು ಸ್ವಲ್ಪ ಹೊತ್ತು ಸುತ್ತಿ ಬಳಸಿ ಮಾತಾಡಿದರು. ಒಬ್ಬಳು "ಬರೋರು" ಎಂದಳು. ಇನ್ನೊಬ್ಬಳು "ಒಳಗಿರೋರು" ಎಂದಳು. ಅಂಗಡಿಯ ಯಜಮಾನರು "ಮುಂದಿನ ಗಿರಾಕಿ" ಎಂದಾಗ ತಂಗಿಯ ಮುಖದಲ್ಲೂ ನಗು ಸುಳಿಯಿತು. ಆದರೆ ಬಳಸು ದಾರಿಯಲ್ಲಿ ಎಷ್ಟು ದೂರ ಹೋಗಲಾಗುತ್ತದೆ? ಕ್ರಮೇಣ ಆ ವಿಷಯವೇ ಬಿಟ್ಟುಹೋಯಿತು. ಅದು ಬಿಟ್ಟರೆ ಅಲ್ಲಿ ಕೂಡಿದವರಿಗೆ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಏನೂ ಇರಲಿಲ್ಲ. ಆಮೇಲೆ ಮೇಲಿನ ಮನೆಯವಳು, ತನಗೆ ಇತ್ತೀಚೆಗೆ ಮಲಗಿದರೆ ನಿದ್ದೆ ಬರುವುದಿಲ್ಲ, ಕೂತರೆ ಮಾತ್ರ ಬರುತ್ತದೆ ಎಂದಳು. ಅತ್ತೆಯ ಅಕ್ಕ, ತಾನು ಮೆಟ್ಟಿಲಲ್ಲಿ ಕೂತೇ ಎಷ್ಟೋ ಸಲ ಮಲಗಿದ್ದೇನೆ ಎಂದರು. ಅಂಗಡಿಯಲ್ಲಿ ಲೆಕ್ಕ ಬರೆಯುವ ಹೆಂಗಸು ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವುದನ್ನು ಎದ್ದು ನಿಂತು ಮಾಡಿ ತೋರಿಸಿದಳು. ನಿದ್ದೆಯ ಮಾತು ಶುರುವಾದದ್ದೇ ತಡ, ಕೋಣೆಯಲ್ಲಿದ್ದ ಹೆಂಗಸರೆಲ್ಲರಿಗೂ ಹೇಳಲು ಏನಾದರೊಂದು ಇತ್ತು. ಯಾರನ್ನೂ ಎಬ್ಬಿಸುವ ಅಗತ್ಯ ಬೀಳಲಿಲ್ಲ. ಆಟದಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳುತ್ತಿದ್ದಳು. ಇಷ್ಟು ವರ್ಷ ಇಂಥ ಕೋಣೆಗಳಲ್ಲಿ ಮಾತೆಲ್ಲ ತಾನೇ ಆಡುತ್ತಿದ್ದದ್ದರಿಂದ, ಇವರೆಲ್ಲ ಇಷ್ಟು ದಣಿದವರೆಂದು ಅವಳಿಗೆ ಗೊತ್ತೇ ಆಗಿರಲಿಲ್ಲ.

ತಂಗಿಯ ಲೋಟ ಖಾಲಿಯಾಗಿತ್ತು. ಆಟದಕ್ಕ ಹತ್ತಿರ ಹೋಗಿ, "ಇನ್ನೊಂಚೂರು ಜ್ಯೂಸ್ ಕೊಡ್ಲಾ ಪಾಪು?" ಎಂದಳು.

ಸೋಫಾದ ತುದಿಯಿಂದ ಅತ್ತೆ ಎದ್ದು ಬಂದ ರಭಸಕ್ಕೆ ಮಧ್ಯದ ಟೀಪಾಯಿ ಅಲುಗಿತು. "ಪಾಪು ಅಂದೆ. ನಿನ್ನ ಬಾಯಲ್ಲೇ ಬಂತು. ಕೊಡು ಇಲ್ಲಿ."

"ಅದು ಇವಳ ಹೆಸರು ಅಮ್ಮಾ. ಚಿಕ್ಕಂದಿನಿಂದ ಹಾಗೇ ಕರೆಯೋದು."

"ಹೆಸರೋ ಕಸರೋ. ಯಾವ ಹೆಸರಲ್ಲೂ ಅನ್ನಬಾರ್ದು ಅಂದಿದ್ದು ಯಾರು? ನೀನೇ ತಾನೇ ಕಾನೂನು ಮಾಡಿದ್ದು?" ಎಂದು ಕ್ಲಿಪ್ಪು ಕಿತ್ತುಕೊಂಡು ತಮ್ಮ ಭುಜಕ್ಕೆ ಹಾಕಿಕೊಂಡರು. ಆಟದಕ್ಕನನ್ನು ಅವಳದೇ ಆಟದಲ್ಲಿ ಸೋಲಿಸಿದ ಹೆಮ್ಮೆ ಮುಖದ ತುಂಬ. ಆಮೇಲೆ ಅವರಿಗೆ ಆಟದ ರುಚಿ ಹತ್ತಿಬಿಟ್ಟಿತು. ಜನರ ಮಧ್ಯೆ ಓಡಾಡಿ, ಏನೂ ಅರಿಯದವರಂತೆ, "ನಿಮ್ಮ ಮಗಳಿಗೆ ಈಗ ಎಷ್ಟನೇ ತಿಂಗಳು? ಏನು ತಿನ್ನೋ ಆಸೆಯಂತೆ?" ಎಂದು ಕೇಳಿ, ಎದುರಿನವರ ಬಾಯಿಂದ ಮಾತು ಜಾರಿಸಿ, ಕ್ಲಿಪ್ಪು ಕೀಳುತ್ತಿದ್ದರು. ಸ್ವಂತ ಮಗನನ್ನೂ ಬಿಡಲಿಲ್ಲ. ಅವನು ಕೇಕು ಕತ್ತರಿಸುತ್ತ ಇದ್ದಾಗ, "ಹೀಗೆ ಯಾರನ್ನ ಹಿಡ್ಕೋತಾರೋ?" ಎಂದು ಕೈ ತೊಟ್ಟಿಲು ಮಾಡಿ ತೋರಿಸಿದರು. "ಮಗೂನ" ಎಂದ ಅವನು. ಅವನ ಕ್ಲಿಪ್ಪೂ ಹೋಯಿತು.

ತಂಗಿಯ ಭುಜದ ಮೇಲೆ ಒಂದೇ ಕ್ಲಿಪ್ಪು, ಹಾಗೇ ಇತ್ತು. ಅವಳಿಗೆ ಬಲೆ ಹಾಕಲು ಯಾರೂ ಹೋಗಲಿಲ್ಲ. ಹೋದರೂ ಬೀಳುತ್ತಿರಲಿಲ್ಲ. ಆ ಮಾತು ಆಡದೆ ಇರುವುದು ಅವಳಿಗೆ ಆಟವಾಗಿರಲಿಲ್ಲ.

ಕೇಕು ಮುಗಿಯುತ್ತ ಬಂದಿತ್ತು. ಬಿಸಿಲು ಕಿಟಕಿಯಿಂದ ಜರುಗಿ ನೆಲಕ್ಕೆ ಇಳಿದಿತ್ತು. ಅಂಗಡಿಯ ಲೆಕ್ಕದ ಹೆಂಗಸು ತಂಗಿಯ ಕುರ್ಚಿಗೆ ತೀರಾ ಹತ್ತಿರ ಸ್ಟೂಲು ಹಾಕಿಕೊಂಡು, ಯಾವನೋ ಗಿರಾಕಿ ಹಲ್ಲಿನ ಸೆಟ್ಟನ್ನು ಕನ್ನಡಕದ ಡಬ್ಬಿಯಲ್ಲಿಟ್ಟು ತಂದ ಕಥೆ ಹೇಳುತ್ತಿದ್ದಳು. ತಂಗಿ ಕೇಳುತ್ತ ಕೇಳುತ್ತ ದಿಂಬು ಸರಿಮಾಡಿಕೊಂಡು, ಮುಖ ಸಿಂಡರಿಸಿ, "ಒಂಚೂರು ಆ ಕಡೆ ಸರ್ಕೊಳ್ಳೇ, ಮಗು ಒದೀತಿದೆ, ಕಾಲು ಚಾಚ್ಬೇಕು" ಎಂದಳು.

ಹೇಳಿದ್ದು ಅವಳಿಗೇ ತಿಳಿಯಲಿಲ್ಲ. ಕಾಲು ಚಾಚಿದಳು. ಆಮೇಲೆ ಎಲ್ಲರೂ ಸುಮ್ಮನಾದದ್ದು ನೋಡಿ ತಲೆಯೆತ್ತಿದಳು. ಬಾಗಿಲ ಹತ್ತಿರ ನಿಂತಿದ್ದ ಅಕ್ಕನ ಕಡೆ ನೋಡಿದಳು. ಅಕ್ಕ ಏನಾದರೂ ತಮಾಷೆ ಹೇಳಿ ಈ ಗಳಿಗೆಯನ್ನು ದಾಟಿಸಬೇಕು ಎಂದು ಬಾಯಿ ತೆರೆದಳು, ದನಿ ಹೊರಡಲಿಲ್ಲ.

ಎದ್ದು ಹೋದವರು ಅತ್ತೆ. ಸೊಸೆಯ ಮುಂದೆ ನಿಂತು, ಒಂದು ಕ್ಷಣ ಅವಳ ಮುಖ ನೋಡಿ, ಕೈ ಚಾಚಿ ಅವಳ ಭುಜದ ಕ್ಲಿಪ್ಪು ತೆಗೆದುಕೊಂಡರು.

"ಆಟ ಅಂದ್ರೆ ಆಟ" ಎಂದರು.

ತಂಗಿ ನಕ್ಕಳು. ಜೋರಾಗಿ ಅಲ್ಲ. ಕಣ್ಣು ಒರೆಸಿಕೊಂಡು, "ತಗೊಳ್ಳಿ. ನೀವು ಕಾಯ್ತಿದ್ದದ್ದೇ ಇದಕ್ಕೆ ಅಲ್ವಾ?" ಎಂದಳು.

"ಅಲ್ಲ ಅಂತ ಹೇಳಲ್ಲ" ಎಂದು ಅತ್ತೆ ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ, "ಈಗಲೂ ಒದೀತಿದೆಯಾ?" ಎಂದು ಕೇಳಿದರು. ತಂಗಿ ಅವರ ಕೈ ಹಿಡಿದು ಎಲ್ಲಿ ಎಂದು ತೋರಿಸಿದಳು.

ಆಟದಕ್ಕ ಇನ್ನೊಂದು ಆಟಕ್ಕೆ ಏನಾದರೂ ತರುವ ನೆಪ ಮಾಡಿಕೊಂಡು ಒಳಕೋಣೆಗೆ ಹೋದಳು. ಮಂಚದ ಮೇಲೆ ಬಂದವರ ಕೈಚೀಲಗಳು, ಸೆಕೆಗೆ ಬಿಚ್ಚಿಟ್ಟ ಸ್ವೆಟರುಗಳು, ಉಡುಗೊರೆಯ ಡಬ್ಬಿಗಳು ರಾಶಿ ಬಿದ್ದಿದ್ದವು. ಅವನ್ನು ಒಂದು ಕಡೆ ಒತ್ತಿ, ತುದಿಯಲ್ಲಿ ಕುಳಿತಳು. ಅಳಬೇಕು ಅನ್ನಿಸಿತು. ಅಳಲು ಬೇಕಾದ ಶಕ್ತಿಯೂ ಇರಲಿಲ್ಲ. ಯಾರದೋ ಸ್ವೆಟರಿನ ಮೇಲೆ ತಲೆಯಿಟ್ಟಳು. ಎರಡು ನಿಮಿಷ ಅಂದುಕೊಂಡಳು.

ಎಚ್ಚರವಾದಾಗ ಮನೆಯಲ್ಲಿ ಸದ್ದಿರಲಿಲ್ಲ. ಮಂಚದ ಮೇಲೆ ಅವಳು ಮತ್ತು ಆ ಒಂದು ಸ್ವೆಟರು ಮಾತ್ರ. ಯಾರೋ ಚಾದರ ಹೊದೆಸಿದ್ದರು. ಕಿಟಕಿಯ ಹೊರಗೆ ಸಂಜೆಯಾಗಿತ್ತು. ಕಾಲ ಬಳಿ ತಂಗಿ ಕುಳಿತು ತನ್ನ ಊದಿದ ಪಾದಗಳನ್ನು ತಾನೇ ಒತ್ತಿಕೊಳ್ಳುತ್ತಿದ್ದಳು.

"ಎಲ್ಲಾರೂ ಹೋದ್ರಾ?"

"ಆಗ್ಲೇ ಹೋದ್ರು. ಆ ಸ್ವೆಟರಿನವರು ನಿನ್ನ ಎಬ್ಬಿಸೋಕೆ ಮನಸ್ಸಾಗದೆ ಹಾಗೇ ಹೋದ್ರು. ನಾಳೆ ಬಂದು ತಗೋತಾರಂತೆ."

"ಎಬ್ಬಿಸ್ಬಾರ್ದಾಗಿತ್ತಾ? ಆಟ ಅರ್ಧಕ್ಕೇ ನಿಂತೋಯ್ತು."

"ನಿಲ್ಲಲಿಲ್ಲ. ಅತ್ತೆ ಆಡಿಸಿದ್ರು. ಮೇಲಿನ ಮನೆಯವರ ಗಂಡನಿಗೆ ಬಾಟಲಿ ಚೀಪಿಸಿದ್ರು." ತಂಗಿ ಪಾದ ಬದಲಿಸಿದಳು. "ಟೋಪಿನೂ ತೋರಿಸಿದ್ರು. ನಾನೇ ತರೋಕೆ ಹೇಳ್ದೆ. ಹಳದಿ ಬಣ್ಣದ್ದು. ಚೆನ್ನಾಗಿದೆ."

ಆಟದಕ್ಕನಿಗೆ ಎದೆಯಲ್ಲಿ ಒಂದು ಚಿಕ್ಕ ಚುಚ್ಚು. ತಾನಿಲ್ಲದೆ ಎಲ್ಲ ನಡೆಯಿತಲ್ಲ ಎಂದು. ಅದರ ಬೆನ್ನಿಗೇ ಹೆಗಲ ಮೇಲಿಂದ ಏನೋ ಇಳಿಸಿದಂಥ ಹಗುರ. ಎರಡರಲ್ಲಿ ಯಾವುದು ಹೆಚ್ಚು ನಿಜ ಎಂದು ಅವಳಿಗೆ ತಿಳಿಯಲಿಲ್ಲ.

"ಅಕ್ಕ, ನೀನು ಬಾಯಿ ತೆರ್ಕೊಂಡು ಮಲಗ್ತೀಯ ಅಂತ ನನಗೆ ಗೊತ್ತೇ ಇರ್ಲಿಲ್ಲ."

"ಯಾಕೆ?"

"ಚಿಕ್ಕೋಳಿದ್ದಾಗ ನೀನು ಮಲಗಿದ್ದನ್ನ ನಾನು ಯಾವತ್ತೂ ನೋಡ್ಲಿಲ್ವಲ್ಲ. ನಾನು ಏಳೋ ಹೊತ್ತಿಗೆ ನೀನು ಎದ್ದಿರ್ತಿದ್ದೆ."

ಆಟದಕ್ಕ ತಂಗಿಯ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡು ಒತ್ತತೊಡಗಿದಳು. ಒತ್ತುತ್ತಲೇ, "ಇನ್ನು ನನಗೆ ಆಗಲ್ಲ ಪಾಪು" ಎಂದಳು. "ಆಟ ಗೀಟ. ಸಾಕಾಗಿದೆ."

"ಯಾರು ಮಾಡು ಅಂದ್ರು?"

"ಎಲ್ಲಾರೂ."

"ನಾನು ಇನ್ಮೇಲೆ ಅನ್ನಲ್ಲ" ಎಂದಳು ತಂಗಿ.

ಆಟದಕ್ಕ ಅವತ್ತು ಚೀಲವನ್ನು ಮನೆಗೆ ಒಯ್ಯಲಿಲ್ಲ. ಅದು ಎಲ್ಲಿದೆ ಎಂದು ತಂಗಿಯ ಅತ್ತೆಯನ್ನು ಯಾರೂ ಕೇಳಲೂ ಇಲ್ಲ. ಮುಂದೆ ಆ ಕಟ್ಟಡದಲ್ಲಿ ಎರಡು ಮೂರು ಕಡೆ ಅತ್ತೆಯೇ ಆಟ ಆಡಿಸಿದರೆಂದೂ, ತೀರ್ಪಿನಲ್ಲಿ ಬಹಳ ಮೋಸ ಮಾಡುತ್ತಾರೆಂದೂ ಸುದ್ದಿ ಬಂತು. ನಿಲ್ದಾಣದಲ್ಲಿ ಟಿಕೆಟ್ ಪರೀಕ್ಷಕನೊಬ್ಬ ಹೆಂಡತಿಯ ಬೇಬಿ ಶವರ್‌ಗೆ ಕರೆದಾಗ ಆಟದಕ್ಕ, "ಬರ್ತೀನಿ. ಕೂತ್ಕೊಂಡು ಕೇಕ್ ತಿಂತೀನಿ. ಆಟ ಬೇರೆಯವರು ಆಡಿಸ್ಲಿ" ಎಂದಳು. ಅವನು ಬೇಜಾರು ಮಾಡಿಕೊಂಡ. ಕೆಲವರು ಹಿಂದಿನಿಂದ, ಸೊಕ್ಕು ಬಂದಿದೆ ಎಂದರು. ಅವಳು ಕೇಳಿಯೂ ಕೇಳದಂತೆ ಇದ್ದಳು. ಹೆಸರು ಮಾತ್ರ ಹಾಗೇ ಉಳಿಯಿತು.

ತಂಗಿಗೆ ಹೆಣ್ಣು ಹುಟ್ಟಿತು. ಹೇಳಿದ ದಿನಕ್ಕಿಂತ ಮುಂಚೆಯೇ, ತೂಕ ಕಡಿಮೆ, ಆದರೆ ಅಳು ಗಟ್ಟಿ. ಆಸ್ಪತ್ರೆಯಿಂದ ತಂಗಿಯ ಗಂಡ ನಿಲ್ದಾಣಕ್ಕೇ ಬಂದು, ಎಲ್ಲರ ಹಾಗೆ ಬಗ್ಗಿ ಕಂಡಿಗೆ ಬಾಯಿಟ್ಟು, "ಅಕ್ಕಾ, ಇಬ್ಬರೂ ಚೆನ್ನಾಗಿದಾರೆ" ಎಂದ. ಗದ್ದ ನಡುಗುತ್ತಿದ್ದದ್ದು ಗಾಜಿನಿಂದ ಕಂಡಿತು. ಅವನ ಹಿಂದೆ ನಿಂತಿದ್ದವನು ತನ್ನ ಬಸ್ಸು ಯಾವಾಗ ಎಂದು ಕೇಳಿದ. ಆಟದಕ್ಕ ಅವನಿಗೂ ಉತ್ತರ ಹೇಳಿದಳು. ಆಮೇಲೆ ಗುಂಡಿ ಒತ್ತದೆಯೇ ಮೈಕಿನಲ್ಲಿ ಒಂದು ಬಸ್ಸು ಪೂರ್ತಿ ಕೂಗಿ ಮುಗಿಸಿದಳು.

ಈಗ ರಜೆಯ ದಿನಗಳಲ್ಲಿ ಅವಳು ತಂಗಿಯ ಮನೆಗೆ ಹೋಗುತ್ತಾಳೆ. ಒಮ್ಮೊಮ್ಮೆ ಗಂಡನೂ ಜೊತೆಗೆ ಬರುತ್ತಾನೆ. ತಂಗಿಗೆ ಈಗ ನಿದ್ದೆಯೆಂಬುದೇ ಇಲ್ಲ. ಅಕ್ಕ ಬಂದ ಕೂಡಲೇ ಕೂಸನ್ನು ಅವಳ ತೊಡೆಯ ಮೇಲೆ ಹಾಕಿ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಹೋದ ವಾರ ಹಾಗೆ ಮಲಗಿದವಳು, ಕಣ್ಣು ತೆರೆಯದೆಯೇ, "ಏನಾದ್ರೂ ಮಾತಾಡು ಅಕ್ಕ ಅವಳ ಹತ್ರ. ನೀನು ಸುಮ್ನೆ ನೋಡ್ತಾ ಕೂತ್ರೆ ಹೆದರ್ಕೋತಾಳೆ" ಎಂದಳು.

"ಇವತ್ತು ನನಗೆ ರಜಾ" ಎಂದಳು ಆಟದಕ್ಕ.

ಕೂಸು ಹೆದರಿಕೊಳ್ಳಲಿಲ್ಲ. ದೊಡ್ಡಮ್ಮನ ಬೆರಳು ಹಿಡಿದು, ಮಿಕಿಮಿಕಿ ಅವಳ ಬಾಯಿಯನ್ನೇ ನೋಡುತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ಫೋನಿನಲ್ಲಿ ಯಾರಿಗೋ ಆಟವೊಂದರ ನಿಯಮ ವಿವರಿಸುತ್ತಿದ್ದರು, ಪೂರ್ತಿ ತಪ್ಪಾಗಿ. ಆಟದಕ್ಕ ತಿದ್ದಲು ಹೋಗಲಿಲ್ಲ.